ಅಂಗಳದ ಹುಲ್ಲು ಮತ್ತು ಶ್ರಾವಕನ ಯತ್ನಾಚಾರ



ಕಳೆದ ಕೆಲವು ವರ್ಷಗಳಿಂದ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಪಟ್ಟಣಗಳ ನಮ್ಮ ಸಮಾಜದ ಮನೆಗಳಲ್ಲಿ ಒಂದು ಹೊಸ ಸಲಕರಣೆ ಕಾಣಿಸಿಕೊಳ್ಳುತ್ತಿದೆ. ಕೈಯಲ್ಲಿ ಹಿಡಿಯುವ ಉದ್ದನೆಯ ದಂಡ, ದಂಡದ ಒಂದು ತುದಿಗೆ ಬ್ಯಾಟರಿ, ಇನ್ನೊಂದು ತುದಿಗೆ ಗಿರ್ರನೆ ತಿರುಗುವ ನೈಲಾನ್ ದಾರ. ಅಂಗಡಿಯವರು ಇದನ್ನು ಗ್ರಾಸ್ ಟ್ರಿಮ್ಮರ್ ಎನ್ನುತ್ತಾರೆ. ಹೊಗೆ ಇಲ್ಲ, ಪೆಟ್ರೋಲ್ ಇಲ್ಲ, ಹೆಚ್ಚು ಸದ್ದೂ ಇಲ್ಲ. ಅರವತ್ತು ದಾಟಿದವರೂ ಎತ್ತಿ ನಡೆಸಬಹುದಾದಷ್ಟು ಹಗುರ. ಹೀಗಾಗಿ ಕುಡುಗೋಲು ಹಿಡಿದು ಕುಕ್ಕರಗಾಲಿನಲ್ಲಿ ಕೂರಲಾಗದ ನನ್ನಂಥವರಿಗೆ ಇದು ಬಲು ಅನುಕೂಲವೆಂದು ತೋರುವುದು ಸಹಜ.

ನಮ್ಮ ಟ್ರಸ್ಟಿನ ಬೈಠಕಿನಲ್ಲಿ ಬಸದಿಯ ಆವರಣದ ಹುಲ್ಲಿನ ವಿಷಯ ಬಂದಾಗ ನಾಲ್ಕು ಅಭಿಪ್ರಾಯಗಳು ವ್ಯಕ್ತವಾದವು. ಇಂಥದೊಂದು ಯಂತ್ರವನ್ನು ಕೊಳ್ಳೋಣವೆಂದು ಒಬ್ಬರು ಹೇಳಿದರು. ಕಳೆನಾಶಕ ಔಷಧ ಸಿಂಪಡಿಸಿದರೆ ವರ್ಷವಿಡೀ ಚಿಂತೆಯಿಲ್ಲವೆಂಬುದು ಇನ್ನೊಬ್ಬರ ಮಾತು. ಇಡೀ ಆವರಣಕ್ಕೆ ಪೇವಿಂಗ್ ಬ್ಲಾಕ್ ಹಾಸಿಬಿಟ್ಟರೆ ಹುಲ್ಲೂ ಇಲ್ಲ, ಹಿಂಸೆಯೂ ಇಲ್ಲ ಎಂದು ಮೂರನೆಯವರು ವಾದಿಸಿದರು. ನಾಲ್ಕನೆಯವರು ಹಿರಿಯರು. ಹುಲ್ಲೂ ಏಕೇಂದ್ರಿಯ ಜೀವವಾದ್ದರಿಂದ ಅದನ್ನು ಮುಟ್ಟುವ ಅಧಿಕಾರವೇ ನಮಗಿಲ್ಲವೆಂದರು. ನಾಲ್ವರದೂ ಧರ್ಮಶ್ರದ್ಧೆಯ ಮಾತೇ. ಆದರೆ ನಾಲ್ಕೂ ಏಕಕಾಲದಲ್ಲಿ ಸರಿಯಾಗಿರಲಾರವು. ಆ ಕಾರಣದಿಂದ ಒಂದು ಮಳೆಗಾಲವಿಡೀ ನನ್ನ ಮನೆಯ ಅರ್ಧ ಗುಂಟೆಯ ಅಂಗಳದಲ್ಲಿ ಈ ಯಂತ್ರವನ್ನು ನಡೆಸಿ ನೋಡಿದೆ. ನೋಡಿದ್ದನ್ನೂ ವಿಚಾರ ಮಾಡಿದ್ದನ್ನೂ ತಮ್ಮ ಮುಂದೆ ಇಡುತ್ತೇನೆ. ನಾನು ಮೆಟ್ರಿಕ್ ಮಾತ್ರ ಓದಿದ ನೂಲಿನ ವ್ಯಾಪಾರಿ. ಶಾಸ್ತ್ರದ ಸೂಕ್ಷ್ಮಗಳಿಗೆ ಪಂಡಿತರೂ ತ್ಯಾಗಿಗಳೂ ಇದ್ದಾರೆ. ಲಾಭ-ಹಾನಿಯ ಲೆಕ್ಕ ಬರೆಯುವುದಷ್ಟೇ ನನಗೆ ಬಂದ ವಿದ್ಯೆ.

ಮೊದಲಿಗೆ ಯಂತ್ರದ ಪೂರ್ವವೃತ್ತಾಂತ. ಇಚಲಕರಂಜಿಯವರಿಗೆ ಇದರಲ್ಲಿ ಒಂದು ಕುತೂಹಲದ ಸಂಗತಿಯಿದೆ. ಹುಲ್ಲು ಕೊಯ್ಯುವ ಯಂತ್ರ ಹುಟ್ಟಿದ್ದು ಬಟ್ಟೆಯ ಗಿರಣಿಯಲ್ಲಿ. ಇಂಗ್ಲೆಂಡಿನ ಸ್ಟ್ರೌಡ್ ಪ್ರದೇಶದ ಎಡ್ವಿನ್ ಬಡಿಂಗ್ ಎಂಬಾತ, ಉಣ್ಣೆಬಟ್ಟೆಯ ಮೇಲೆದ್ದ ಜೂಲನ್ನು ಸಮನಾಗಿ ಕತ್ತರಿಸುವ ಯಂತ್ರವನ್ನು ಕಂಡು, ಇದೇ ಬಗೆಯಲ್ಲಿ ಹುಲ್ಲನ್ನೂ ಸಮಗೊಳಿಸಬಹುದೆಂದು ಯೋಚಿಸಿ 1830ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಅಂದರೆ ಭೂಮಿಯೂ ಒಂದು ಬಟ್ಟೆಯ ತಾಕಿನಂತೆ ನುಣುಪಾಗಿರಬೇಕೆಂಬ ಆಸೆ ಈ ಯಂತ್ರದ ಮೂಲದಲ್ಲಿಯೇ ಇದೆ. 1904ರಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಕಂಡ ನಮ್ಮ ಊರಿಗೆ ಆ ನುಣುಪಿನ ಮೋಹವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಗಾಲಿಯ ಮೇಲೆ ಓಡುವ ಆ ಯಂತ್ರ ಮರದ ಬುಡಕ್ಕೆ, ಗೋಡೆಯ ಅಂಚಿಗೆ ತಲುಪಲಾರದು. ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಾಲಸ್ ಎಂಬವರು 1971ರಲ್ಲಿ, ಕಾರು ತೊಳೆಯುವ ಯಂತ್ರದ ತಿರುಗುವ ಕುಂಚಗಳನ್ನು ನೋಡಿ, ಒಂದು ತಗಡಿನ ಡಬ್ಬಿಗೆ ತೂತು ಕೊರೆದು, ಮೀನು ಹಿಡಿಯುವ ನೈಲಾನ್ ದಾರವನ್ನು ಅದಕ್ಕೆ ಪೋಣಿಸಿ ತಿರುಗಿಸಿದರು. ಹುಲ್ಲು ಕತ್ತರಿಸಿತು. ದಾರದ ಟ್ರಿಮ್ಮರ್ ಹುಟ್ಟಿದ್ದು ಹೀಗೆ. 1991ರಿಂದ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿ ಮುಂದೆ ಇದನ್ನು ಪೆಟ್ರೋಲಿನಿಂದ ಬಿಡಿಸಿತು. ಆ ಬ್ಯಾಟರಿಯ ಸಂಶೋಧನೆಗಾಗಿ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ನೂಲಿನ ವ್ಯಾಪಾರಿಯಾದ ನನಗೆ ಬೆರಗು ಹುಟ್ಟಿಸಿದ ಅಂಶ ಬೇರೆ. ಈ ದಾರವನ್ನು ಕೈಯಲ್ಲಿ ಹಿಡಿದರೆ ಅದು ಬಾಗುತ್ತದೆ; ಬೆರಳಿಗೆ ಸುತ್ತಿಕೊಂಡರೂ ಗಾಯವಾಗುವುದಿಲ್ಲ. ಅದರಲ್ಲಿ ಅಲಗಿಲ್ಲ, ಮೊನೆಯಿಲ್ಲ. ಅದು ಕೊಯ್ಯುವುದು ಕೇವಲ ವೇಗದಿಂದ. ಮೂವತ್ತು ಸೆಂಟಿಮೀಟರ್ ವ್ಯಾಸದ ವರ್ತುಲದಲ್ಲಿ ನಿಮಿಷಕ್ಕೆ 7000 ಸುತ್ತು ಎಂದು ಹಿಡಿದು ಲೆಕ್ಕ ಹಾಕಿದರೆ, ದಾರದ ತುದಿ ಗಂಟೆಗೆ ಸುಮಾರು 396 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಮೃದುವಾದ ವಸ್ತುವೂ ವೇಗ ಪಡೆದಾಗ ಶಸ್ತ್ರವಾಗುತ್ತದೆ. ಹಿಂಸೆಯೆಂದರೆ ಕ್ರೂರಿಯ ಕೈಯ ಕತ್ತಿ ಮಾತ್ರ ಎಂದುಕೊಂಡವರು ಈ ದಾರವನ್ನು ಒಮ್ಮೆ ನೋಡಬೇಕು. ಸಜ್ಜನನ ಮೃದುವಾದ ಮನಸ್ಸೂ ಆತುರದಲ್ಲಿದ್ದಾಗ ಏನನ್ನು ಕೊಯ್ಯುತ್ತಿದೆಯೆಂದು ಅದಕ್ಕೇ ತಿಳಿಯದು. ನಮ್ಮ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಹೆಸರಿಸಿದ್ದು ಇದಕ್ಕಾಗಿಯೇ ಇರಬೇಕು.

ಇನ್ನು ಹುಲ್ಲಿನ ವಿಷಯ. ಮೃಗ ನಕ್ಷತ್ರದ ಮಳೆ ಬಿದ್ದ ಮೇಲೆ ನಮ್ಮ ಭಾಗದಲ್ಲಿ ಹುಲ್ಲನ್ನು ಯಾರೂ ಬಿತ್ತಬೇಕಾಗಿಲ್ಲ. ಪಂಚಗಂಗೆಯ ದಡದಲ್ಲಾಗಲಿ ಹಿರಣ್ಯಕೇಶಿಯ ದಡದಲ್ಲಾಗಲಿ ಹದಿನೈದು ದಿನಗಳಲ್ಲಿ ಮೊಣಕಾಲಿನವರೆಗೆ ಬೆಳೆಯುತ್ತದೆ. ಕನ್ನಡದ ಗರಿಕೆ, ಮರಾಠಿಯ ಹರಳಿ, ಎರಡೂ ಒಂದೇ. ಅದರೊಡನೆ 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗುರುತಿಸಲ್ಪಟ್ಟು ದೇಶವೆಲ್ಲ ಹಬ್ಬಿದ ಕಾಂಗ್ರೆಸ್ ಗಿಡವೂ ಬರುತ್ತದೆ. ಅದರ ಸೋಂಕಿನಿಂದ ಚರ್ಮದ ತುರಿಕೆಯೂ ಉಬ್ಬಸವೂ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಎತ್ತರದ ಹುಲ್ಲಿನಲ್ಲಿ ಕಪ್ಪೆ, ಕಪ್ಪೆಯ ಹಿಂದೆ ಹಾವು. ನಾಗರ, ಕಟ್ಟುಹಾವು, ಮರಾಠಿಯಲ್ಲಿ ಘೋಣಸ ಎನ್ನುವ ಕೊಳಕುಮಂಡಲ, ಮೂರೂ ನಮ್ಮ ಜಿಲ್ಲೆಯಲ್ಲಿವೆ. ಬೆಳಗಿನ ಅಭಿಷೇಕಕ್ಕೆ ಕತ್ತಲಿರುವಾಗಲೇ ಬರಿಗಾಲಿನಲ್ಲಿ ಬರುವ ವೃದ್ಧ ಶ್ರಾವಿಕೆಯರನ್ನು, ಪಾಠಶಾಲೆಯ ಮಕ್ಕಳನ್ನು ನೆನೆದಾಗ, ದಾರಿಯ ಹುಲ್ಲನ್ನು ಹಾಗೆಯೇ ಬಿಡುವುದು ದಯೆಯೆನಿಸಲಾರದು. ಹಾವನ್ನು ಕಂಡ ಜನ ಅದನ್ನು ಹೊಡೆಯಲು ಓಡುತ್ತಾರೆ. ಆಗ ಏಕೇಂದ್ರಿಯದ ರಕ್ಷಣೆಗಾಗಿ ಪಂಚೇಂದ್ರಿಯದ ಪ್ರಾಣ ಹೋಗುತ್ತದೆ. ಹೀಗೆ ಹಿರಿಯರ ನಾಲ್ಕನೆಯ ಅಭಿಪ್ರಾಯ, ಭಾವದಿಂದ ಶುದ್ಧವಾಗಿದ್ದರೂ, ಗೃಹಸ್ಥನ ಅಂಗಳದಲ್ಲಿ ಸಂಪೂರ್ಣವಾಗಿ ನಿಲ್ಲುವುದಿಲ್ಲ.

ಶಾಸ್ತ್ರವೂ ಗೃಹಸ್ಥನಿಂದ ಅಷ್ಟನ್ನು ಕೇಳಿಲ್ಲ. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಶ್ರಾವಕನು ಸಂಕಲ್ಪಿ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು, ಉಳಿದವುಗಳನ್ನು ಶಕ್ತಿಯಿದ್ದಷ್ಟು ಕಡಿಮೆ ಮಾಡಬೇಕು ಎಂದಿದೆ. ಮನೆಯನ್ನು ಗುಡಿಸುವುದು, ಒಲೆ ಹಚ್ಚುವುದು, ದಾರಿಯ ಹುಲ್ಲು ತೆಗೆಯುವುದು ಆರಂಭಿ ಹಿಂಸೆಯಲ್ಲಿ ಬರುತ್ತವೆ. ಆದರೆ ಇಲ್ಲಿಗೇ ಸಮಾಧಾನಪಟ್ಟುಕೊಂಡರೆ ನಾವು ಅರ್ಧ ಮಾತ್ರ ಓದಿದಂತೆ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವಿರತಿ ಎಂಬುದೊಂದಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತ, ಪ್ರಮಾದಚರ್ಯೆ ಎಂಬುದರಡಿ, ಫಲವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಉರಿಸುವುದು, ಸಸ್ಯವನ್ನು ಕತ್ತರಿಸುವುದು ಇವುಗಳನ್ನು ಎಣಿಸಿದ್ದಾರೆ. ಶ್ವೇತಾಂಬರ ಆಮ್ನಾಯದಲ್ಲಿಯೂ ಇದೇ ವ್ರತ, ಇದೇ ಎಚ್ಚರಿಕೆ. ಆಚಾರ್ಯರು ಕೊಯ್ಯುವುದನ್ನೇ ಅನರ್ಥವೆನ್ನಲಿಲ್ಲ. ಫಲವಿಲ್ಲದೆ ಕೊಯ್ಯುವುದನ್ನು ಅನರ್ಥವೆಂದರು. ಆದ್ದರಿಂದ ಯಂತ್ರದ ಗುಂಡಿಯನ್ನು ಒತ್ತುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕೊಯ್ಲಿನ ಫಲವೇನು?

ನನ್ನ ಅಂಗಳದಲ್ಲಿ ಈ ಪ್ರಶ್ನೆಯನ್ನು ಇಟ್ಟುಕೊಂಡು ನಡೆದಾಗ ಅಂಗಳ ಎರಡಾಗಿ ಒಡೆಯಿತು. ಬಾಗಿಲಿನಿಂದ ಗೇಟಿನವರೆಗಿನ ದಾರಿ, ಬಾವಿಯ ಕಟ್ಟೆಯ ಸುತ್ತ, ಬಟ್ಟೆ ಒಣಗಿಸುವ ಜಾಗ, ಇಷ್ಟಕ್ಕೆ ಫಲವಿದೆ. ಇದು ಒಟ್ಟು ಜಾಗದ ಮೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ಉಳಿದ ಎರಡು ಪಾಲಿನಲ್ಲಿ ಕೊಯ್ಲಿಗೆ ಇದ್ದ ಫಲ, ಬಂದವರು ನೋಡಿ ಚೆನ್ನಾಗಿದೆ ಎನ್ನುವುದೊಂದೇ. ಲಾನ್ ಎಂಬುದು ಶೋಭೆಗಾಗಿ ಬೆಳೆಸಿ, ಶೋಭೆಗಾಗಿಯೇ ಮತ್ತೆ ಮತ್ತೆ ತಲೆ ಕತ್ತರಿಸಬೇಕಾದ ಬೆಳೆ. ನೀರು ಕೊಟ್ಟು ಬೆಳೆಸುವುದೂ ನಾವೇ, ಬೆಳೆಯಿತೆಂದು ಕೊಯ್ಯುವುದೂ ನಾವೇ. ಒಬ್ಬ ವ್ಯಾಪಾರಿ ತನ್ನ ಖಾತೆಯಲ್ಲಿ ಇಂಥ ಜಮಾ-ಖರ್ಚು ಕಂಡರೆ ಗುಮಾಸ್ತನನ್ನು ಕರೆದು ವಿಚಾರಿಸುತ್ತಾನೆ.

ಶೋಭೆಯ ಅಂಗಳದ ಕುರಿತು ನಮ್ಮ ಪುರಾಣದಲ್ಲಿಯೇ ಒಂದು ಪ್ರಸಂಗವಿದೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಭರತ ಚಕ್ರವರ್ತಿಯು ದಾನಕ್ಕೆ ಪಾತ್ರರಾದ ವ್ರತಿಕರನ್ನು ಪರೀಕ್ಷಿಸಲೆಂದು ಅರಮನೆಯ ಅಂಗಳದಲ್ಲಿ ಹಸಿರು ಮೊಳಕೆ, ಹೂವು, ಹಣ್ಣುಗಳನ್ನು ಹರಡಿಸಿ ಜನರನ್ನು ಆಹ್ವಾನಿಸುತ್ತಾನೆ. ವಿಚಾರವಿಲ್ಲದವರು ಅದನ್ನು ತುಳಿದುಕೊಂಡೇ ಒಳಗೆ ಬರುತ್ತಾರೆ. ಕೆಲವರು ಹೊರಗೇ ನಿಂತುಬಿಡುತ್ತಾರೆ. ಕಾರಣ ಕೇಳಿದಾಗ, ಹಸಿರಿನಲ್ಲಿ ಅನಂತ ಜೀವಗಳಿರುವುದರಿಂದ ತುಳಿಯಲಾರೆವೆನ್ನುತ್ತಾರೆ. ಚಕ್ರವರ್ತಿ ಅವರನ್ನು ಬೇರೊಂದು ಶುದ್ಧವಾದ ದಾರಿಯಿಂದ ಕರೆಸಿಕೊಂಡು ಸನ್ಮಾನಿಸುತ್ತಾನೆ. ಈ ಕಥೆಯಲ್ಲಿ ನಾನು ಗಮನಿಸಿದ್ದು ಎರಡನೆಯ ದಾರಿಯನ್ನು. ಹಸಿರನ್ನು ಕಿತ್ತು ದಾರಿ ಮಾಡಲಿಲ್ಲ. ಹಸಿರು ಇದ್ದಲ್ಲಿಯೇ ಇತ್ತು. ತುಳಿಯದವರಿಗಾಗಿ ಪಕ್ಕದಲ್ಲಿ ಒಂದು ಒಣ ದಾರಿಯಿತ್ತು.

ಅಂಗಳಕ್ಕೆ ಪೂರ್ತಿ ಪೇವಿಂಗ್ ಹಾಸುವ ಮೂರನೆಯ ಅಭಿಪ್ರಾಯಕ್ಕೆ ಇದೇ ಉತ್ತರವೆಂದು ನನಗೆ ತೋರುತ್ತದೆ. ಹುಲ್ಲು ಕೊಯ್ಯುವ ಪಾಪದಿಂದ ತಪ್ಪಿಸಿಕೊಳ್ಳಲು ನೆಲವನ್ನೇ ಮುಚ್ಚಿದರೆ, ಹುಲ್ಲು ಒಮ್ಮೆಗೇ ಸಾಯುತ್ತದೆ. ಅದರ ಬುಡದಲ್ಲಿದ್ದ ಎರೆಹುಳು, ಇರುವೆ, ಶಂಬೂಕಗಳಿಗೆ ಮನೆಯಿಲ್ಲದಂತಾಗುತ್ತದೆ. ಮಳೆಯ ನೀರು ಇಂಗದೆ ರಸ್ತೆಗೆ ಹರಿಯುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಮಹಾಪೂರಗಳನ್ನು ಕಂಡ ನಮಗೆ, ನೀರು ಇಂಗುವ ಒಂದೊಂದು ಗುಂಟೆ ನೆಲದ ಬೆಲೆ ತಿಳಿದಿರಬೇಕು. ಕೊಯ್ದ ಹುಲ್ಲು ಮತ್ತೆ ಚಿಗುರುತ್ತದೆ. ಹುಲ್ಲಿನ ಗರಿ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ತುದಿ ಹೋದರೂ ಬುಡ ಉಳಿದಿದ್ದರೆ ಹುಲ್ಲು ಬದುಕುತ್ತದೆ. ಪೇವಿಂಗಿನ ಕೆಳಗಿನದು ಚಿಗುರುವುದಿಲ್ಲ. ನಮ್ಮ ಕಣ್ಣಿಗೆ ಹಿಂಸೆ ಕಾಣದಂತೆ ಮಾಡುವುದಕ್ಕೂ ಹಿಂಸೆ ಇಲ್ಲದಂತೆ ಮಾಡುವುದಕ್ಕೂ ಬಹಳ ಅಂತರವಿದೆ.

ಕಳೆನಾಶಕದ ಮಾತೂ ಹಾಗೆಯೇ. ಅದು ಬೇರಿನವರೆಗೆ ಇಳಿದು ಕೊಲ್ಲುತ್ತದೆ. ಪ್ರಚಲಿತವಾದ ಗ್ಲೈಫೋಸೇಟ್ ಎಂಬ ಔಷಧವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ, ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ಉಂಟುಮಾಡಬಲ್ಲ ವಸ್ತುಗಳ ಸಾಲಿಗೆ ಸೇರಿಸಿತು. 2022ರ ಅಕ್ಟೋಬರ್‌ನಲ್ಲಿ ಭಾರತ ಸರ್ಕಾರವು ಇದನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರ ಹೊರತು ಬೇರೆಯವರು ಬಳಸಬಾರದೆಂದು ಅಧಿಸೂಚನೆ ಹೊರಡಿಸಿತು. ಕುಡಿಯುವ ನೀರನ್ನೂ ಸೋಸಿ ಕುಡಿಯುವ ನಾವು ಜಿನಾಲಯದ ನೆಲಕ್ಕೆ ವಿಷ ಸುರಿಯುವುದು ಯೋಗ್ಯವೆ?

ಉಳಿದದ್ದು ಮೊದಲನೆಯ ಅಭಿಪ್ರಾಯ, ಯಂತ್ರ. ನಾನು ನಡೆಸಿದ ಯಂತ್ರದ ಬ್ಯಾಟರಿ 18 ವೋಲ್ಟ್, 2 ಆಂಪಿಯರ್-ಗಂಟೆಯದು. ಅಂದರೆ ಒಮ್ಮೆ ತುಂಬಿಸಲು ಬೇಕಾದದ್ದು 36 ವಾಟ್-ಗಂಟೆ. ಒಂದು ಯೂನಿಟ್ ವಿದ್ಯುತ್ತಿನ ಇಪ್ಪತ್ತೆಂಟರಲ್ಲಿ ಒಂದು ಪಾಲು. ಅದು ಇಪ್ಪತ್ತು-ಇಪ್ಪತ್ತೈದು ನಿಮಿಷ ಓಡುತ್ತದೆ. ಪೆಟ್ರೋಲ್ ಯಂತ್ರದ ಹೊಗೆ ಮತ್ತು ಕಿವಿಗಡಚಿಕ್ಕುವ ಸದ್ದಿಗೆ ಹೋಲಿಸಿದರೆ ಇದು ನಿಶ್ಚಯವಾಗಿಯೂ ಕಡಿಮೆ ದೋಷದ್ದು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 2021ರಲ್ಲಿ ಕಾನೂನು ಮಾಡಿ, 2024ರಿಂದ ಹೊಸ ಪೆಟ್ರೋಲ್ ತೋಟದ ಯಂತ್ರಗಳ ಮಾರಾಟವನ್ನು ನಿಲ್ಲಿಸಲು ಹೊರಟದ್ದು ಈ ಹೊಗೆಯ ಕಾರಣಕ್ಕೇ. ಆದರೆ ಕಡಿಮೆ ದೋಷವೆಂದರೆ ನಿರ್ದೋಷವೆಂದಲ್ಲ. ನಮ್ಮ ರಾಜ್ಯದ ವಿದ್ಯುತ್ತಿನ ದೊಡ್ಡ ಭಾಗ ಬರುವುದು ಕಲ್ಲಿದ್ದಲಿನಿಂದ. ಹೊಗೆ ನಮ್ಮ ಅಂಗಳದಲ್ಲಿಲ್ಲ, ಬೇರೆಯವರ ಊರಿನಲ್ಲಿದೆ ಅಷ್ಟೆ. ಇನ್ನು ದಾರದ ಲೆಕ್ಕ ನೋಡಿ. ಒಂದು ಮಳೆಗಾಲದಲ್ಲಿ ನನ್ನ ಯಂತ್ರದಲ್ಲಿ ಹತ್ತು ಮೀಟರ್‌ನಷ್ಟು ದಾರ ಸವೆಯಿತು. ಸವೆದ ನೈಲಾನ್ ಎಲ್ಲಿಗೂ ಹೋಗಲಿಲ್ಲ. ಚೂರುಚೂರಾಗಿ ಅದೇ ಮಣ್ಣಿನಲ್ಲಿ ಉಳಿಯಿತು. ಗಿರಣಿಯಲ್ಲಾದರೆ ತುಂಡುನೂಲನ್ನು ಗುಡಿಸಿ ತೂಗಿ ಬರೆದಿಡುತ್ತೇವೆ. ಅಂಗಳದಲ್ಲಿ ಗುಡಿಸಲೂ ಆಗದು.

ಕುಡುಗೋಲಿಗೂ ಈ ಯಂತ್ರಕ್ಕೂ ಇರುವ ಮುಖ್ಯ ವ್ಯತ್ಯಾಸ ಹುಲ್ಲಿನ ಮಟ್ಟಿಗಲ್ಲ, ಹುಲ್ಲಿನಲ್ಲಿರುವ ತ್ರಸಜೀವಿಗಳ ಮಟ್ಟಿಗೆ. ಕುಡುಗೋಲು, ಮರಾಠಿಯ ವಿಳಾ, ಗುಜರಾತಿಯ ದಾತರಡುಂ, ಯಾವ ಹೆಸರಿನಿಂದ ಕರೆದರೂ ಅದರ ರೀತಿ ಒಂದೇ. ಎಡಗೈ ಮೊದಲು ಹುಲ್ಲನ್ನು ಹಿಡಿಯುತ್ತದೆ, ಬಲಗೈ ಆಮೇಲೆ ಕೊಯ್ಯುತ್ತದೆ. ಹಿಡಿದ ಕೈಗೆ ಒಳಗೇನಿದೆಯೆಂದು ತಿಳಿಯುತ್ತದೆ; ಮಿಡತೆಗೆ ಹಾರಲು, ಕಪ್ಪೆಗೆ ಜಿಗಿಯಲು ಸಮಯ ಸಿಗುತ್ತದೆ. ಯಂತ್ರದಲ್ಲಿ ಹಿಡಿಯುವ ಕೈ ಇಲ್ಲ. ನೋಡುವುದಕ್ಕೂ ಕೊಯ್ಯುವುದಕ್ಕೂ ನಡುವಿನ ಕ್ಷಣವನ್ನು ಅದು ಅಳಿಸಿಬಿಟ್ಟಿದೆ. ಹುಲ್ಲಿನೊಳಗೆ ಎರಡು ಇಂದ್ರಿಯದ ಎರೆಹುಳು, ಮೂರು ಇಂದ್ರಿಯದ ಇರುವೆ, ನಾಲ್ಕು ಇಂದ್ರಿಯದ ಚಿಟ್ಟೆ, ಐದು ಇಂದ್ರಿಯದ ಕಪ್ಪೆಮರಿ ಎಲ್ಲವೂ ಇರುತ್ತವೆ. ಆಷಾಢ-ಶ್ರಾವಣಗಳಲ್ಲಿ ಅವುಗಳ ಸಂಖ್ಯೆ ಅತಿ ಹೆಚ್ಚು. ನಮ್ಮ ಮುನಿಗಳು, ಆರ್ಯಿಕೆಯರು, ಸಾಧು-ಸಾಧ್ವಿಯರು ಚಾತುರ್ಮಾಸದಲ್ಲಿ ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುವುದು ಇದೇ ಕಾರಣಕ್ಕೆ. ಶ್ವೇತಾಂಬರ ಬಂಧುಗಳು ಪ್ರತಿಕ್ರಮಣದಲ್ಲಿ ಹೇಳುವ ಇರಿಯಾವಹಿಯ ಸೂತ್ರದಲ್ಲಿ, ದಾರಿ ನಡೆಯುವಾಗ ತುಳಿಯಲ್ಪಟ್ಟ ಬೀಜ, ಹಸಿರು ಹುಲ್ಲು, ಇಬ್ಬನಿ, ಇರುವೆಗೂಡು, ಪಾಚಿ, ಜೇಡರ ಬಲೆ ಇವೆಲ್ಲಕ್ಕೂ ಕ್ಷಮಾಯಾಚನೆಯಿದೆ. ಆ ಪಟ್ಟಿಯನ್ನು ಕೇಳಿದವರಿಗೆ ಅದು ಮಳೆಗಾಲದ ನಮ್ಮದೇ ಅಂಗಳದ ವರ್ಣನೆಯೆನಿಸದೆ ಇರದು.

ಈ ಚಿಂತೆ ನಮ್ಮಲ್ಲಿ ಮಾತ್ರ ಇದೆಯೆಂದು ಭಾವಿಸಬೇಕಾಗಿಲ್ಲ. ಜರ್ಮನಿಯಲ್ಲಿ ತಾವೇ ಓಡಾಡುವ ರೋಬೋಟ್ ಯಂತ್ರಗಳಿಂದ ರಾತ್ರಿ ಸಂಚರಿಸುವ ಮುಳ್ಳುಹಂದಿಯಂಥ ಹೆಜ್‌ಹಾಗ್ ಎಂಬ ಸಣ್ಣ ಪ್ರಾಣಿಗಳು ಗಾಯಗೊಳ್ಳುವುದನ್ನು ಕಂಡು, ಕೊಲೋನ್ ನಗರವು 2024ರಲ್ಲಿ ರಾತ್ರಿ ಆ ಯಂತ್ರಗಳನ್ನು ನಡೆಸುವುದನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ ಪ್ಲಾಂಟ್‌ಲೈಫ್ ಎಂಬ ಸಂಸ್ಥೆ 2019ರಿಂದ, ಮೇ ತಿಂಗಳಿಡೀ ಹುಲ್ಲು ಕೊಯ್ಯದೆ ಜೇನುನೊಣಗಳಿಗೆ ಹೂ ಬಿಡಿ ಎಂದು ಜನರನ್ನು ಕೇಳಿಕೊಳ್ಳುತ್ತಿದೆ. ಲಾನನ್ನು ಲೋಕಕ್ಕೆ ಕೊಟ್ಟ ದೇಶವೇ ಒಂದು ತಿಂಗಳ ವಿರತಿಯನ್ನು ಕಲಿಯುತ್ತಿರುವಾಗ, ವಿರತಿಯನ್ನೇ ಧರ್ಮವೆಂದ ನಾವು ಲಾನಿಗೆ ಮಾರುಹೋಗುವುದು ವಿಚಿತ್ರ.

ಇನ್ನೊಂದು ವಾದವನ್ನು ಆಗಾಗ ಕೇಳುತ್ತೇವೆ. ನಾವೆಲ್ಲಿ ಕೊಯ್ಯುತ್ತೇವೆ, ಮಾಲಿ ಕೊಯ್ಯುತ್ತಾನೆ ಎಂದು. ಕೃತ, ಕಾರಿತ, ಅನುಮೋದನ ಎಂಬ ಮೂರು ಶಬ್ದಗಳನ್ನು ಬಾಲ್ಯದಲ್ಲಿಯೇ ಕಲಿತ ನಮಗೆ ಈ ವಾದ ಒಪ್ಪುವುದಿಲ್ಲ. ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು ಮೂರೂ ನಮ್ಮ ಖಾತೆಗೇ. ನೆರೆಯ ಅಂಗಳವನ್ನು ನೋಡಿ ಎಷ್ಟು ಚೆನ್ನಾಗಿ ಕೊಯ್ಸಿದ್ದೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಯಂತ್ರವನ್ನು ನೆರೆಯವರಿಗೆ ಕಡ ಕೊಡುವ ವಿಷಯವೂ ಹೀಗೆಯೇ. ಅನರ್ಥದಂಡದಲ್ಲಿ ಹಿಂಸಾದಾನವೆಂಬ ಬಗೆಯಿದೆ. ಕೊಡಲಿ, ಗುದ್ದಲಿ, ಬೆಂಕಿಗಳನ್ನು ವಿಚಾರವಿಲ್ಲದೆ ಪರರ ಕೈಗಿಡುವುದು. ಬ್ಯಾಟರಿ ಯಂತ್ರವನ್ನು ಕೊಡುವಾಗಲೂ, ಎಲ್ಲಿ, ಎಷ್ಟಕ್ಕೆ, ಯಾವ ಎಚ್ಚರಿಕೆಯಿಂದ ಎಂದು ಹೇಳಿ ಕೊಡುವುದು ಕರ್ತವ್ಯ.

ಮಾಲಿಯ ಮಾತು ಬಂದಾಗ ಮನುಷ್ಯರ ವಿಷಯವನ್ನೂ ಮರೆಯಬಾರದು. ನಮ್ಮ ಭಾಗದಲ್ಲಿ ಒಂದೆರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಜೀವನ ಸಾಗಿಸುವ ಮನೆಗಳು ಬಹಳ. ಬದುವಿನ ಹುಲ್ಲನ್ನು ಕೊಯ್ದು ತಲೆಯ ಮೇಲೆ ಹೊರೆ ಹೊತ್ತು ಸಂಜೆ ಮನೆಗೆ ಮರಳುವ ಹೆಣ್ಣುಮಕ್ಕಳನ್ನು ಗಡಹಿಂಗ್ಲಜದ ರಸ್ತೆಯಲ್ಲಿ ದಿನವೂ ಕಾಣಬಹುದು. ಕುಡುಗೋಲಿನಿಂದ ಕೊಯ್ದ ಹುಲ್ಲು ಹೊರೆಯಾಗುತ್ತದೆ, ಮೇವಾಗುತ್ತದೆ. ಯಂತ್ರ ಕೊಯ್ದ ಹುಲ್ಲು ಚೂರಾಗಿ ಮಣ್ಣಿನೊಡನೆಯೂ ನೈಲಾನಿನ ತುಂಡುಗಳೊಡನೆಯೂ ಬೆರೆತು ಚೆಲ್ಲಾಪಿಲ್ಲಿಯಾಗುತ್ತದೆ. ಅದನ್ನು ಯಾವ ದನಕ್ಕೂ ಹಾಕುವಂತಿಲ್ಲ. ಒಂದೇ ಹುಲ್ಲು, ಒಂದೇ ಕೊಯ್ಲು. ಒಂದರಲ್ಲಿ ಒಂದು ಎಮ್ಮೆಯ ಹೊಟ್ಟೆ, ಒಂದು ಮನೆಯ ಒಲೆ ಸೇರಿದೆ. ಇನ್ನೊಂದರಲ್ಲಿ ಕಸ ಮಾತ್ರ. ಫಲವೇನೆಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಸಿಗಲಾರದು.

ಬಸದಿಯ ಆವರಣದಲ್ಲಿ ಮುನಿಗಳ ಪ್ರಶ್ನೆಯೂ ಇದೆ. ಹಸಿರಿನ ಮೇಲೆ ಕಾಲಿಡದೆ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ನಡೆಯುವುದು ಅವರ ಈರ್ಯಾಸಮಿತಿ. ಅವರು ಬರುವ ಹಿಂದಿನ ದಿನ ಅವಸರದಿಂದ ಯಂತ್ರ ಓಡಿಸಿ ದಾರಿ ಮಾಡುವುದನ್ನು ಕೆಲವು ಕಡೆ ಕಂಡಿದ್ದೇನೆ. ತಮಗೆಂದೇ ಮಾಡಿದ ಆಹಾರವನ್ನೂ ಸ್ವೀಕರಿಸದ ತ್ಯಾಗಿಗಳಿಗಾಗಿ ಜೀವಗಳನ್ನು ಕತ್ತರಿಸಿ ದಾರಿ ಮಾಡುವುದು ಭಕ್ತಿಯ ಹೆಸರಿನ ಪ್ರಮಾದವೇ ಸರಿ. ಕೊಯ್ದ ಹಸಿ ಚೂರುಗಳು ಹರಡಿದ ನೆಲ ಅವರಿಗೆ ನಡೆಯಲು ಯೋಗ್ಯವೂ ಅಲ್ಲ. ಭರತನ ಅಂಗಳದಲ್ಲಿದ್ದಂತೆ, ಕಾಯಂ ಆಗಿ ಒಂದು ಕಿರಿದಾದ ಕಲ್ಲುಹಾಸಿನ ದಾರಿ ಇರುವುದೇ ಉತ್ತಮ. ಉಳಿದ ನೆಲ ಹುಲ್ಲಿಗಿರಲಿ.

ಆರು ಲೇಶ್ಯೆಗಳ ಜಂಬೂವೃಕ್ಷದ ಚಿತ್ರವನ್ನು ನೋಡದ ಜೈನರಿಲ್ಲ. ಹಸಿದ ಆರು ಜನರಲ್ಲಿ ಒಬ್ಬ ಮರವನ್ನೇ ಬುಡಸಹಿತ ಕಡಿಯಬೇಕೆನ್ನುತ್ತಾನೆ, ಕೊನೆಯವನು ಬಿದ್ದ ಹಣ್ಣನ್ನು ಮಾತ್ರ ಆರಿಸಿಕೊಳ್ಳುತ್ತಾನೆ. ನಮ್ಮ ಅಂಗಳದಲ್ಲಿಯೂ ಆ ಆರೂ ಜನರಿದ್ದಾರೆ. ವಿಷ ಸಿಂಪಡಿಸಿ ಬೇರು ಸಹಿತ ಕೊಲ್ಲುವವನು ಒಬ್ಬ. ನೆಲವನ್ನೇ ಮುಚ್ಚುವವನು ಒಬ್ಬ. ಶೋಭೆಗಾಗಿ ವಾರಕ್ಕೊಮ್ಮೆ ಮಣ್ಣು ಕಾಣುವಂತೆ ಬೋಳಿಸುವವನು ಒಬ್ಬ. ಎಲ್ಲವನ್ನೂ ಕೊಯ್ದರೂ ಬುಡ ಉಳಿಸುವವನು ಒಬ್ಬ. ದಾರಿಯಷ್ಟನ್ನೇ ಕೊಯ್ಯುವವನು ಒಬ್ಬ. ಇರುವ ಕಾಲುದಾರಿಯಲ್ಲಿ ನಡೆದು, ಫಾಲ್ಗುಣದಲ್ಲಿ ತಾನಾಗಿ ಒಣಗಿದ ಹುಲ್ಲನ್ನು ಮಾತ್ರ ತೆಗೆಯುವವನು ಒಬ್ಬ. ಮರವೂ ಒಂದೇ, ಹಸಿವೂ ಒಂದೇ ಇದ್ದಾಗ ಲೇಶ್ಯೆಯನ್ನು ನಿರ್ಣಯಿಸಿದ್ದು ಕೈಯ ಆಯುಧವಲ್ಲ. ಎಷ್ಟು ಸಾಕು ಎಂಬ ಅರಿವು.

ಯಂತ್ರವನ್ನು ಈಗಾಗಲೇ ಕೊಂಡಿರುವವರಿಗೆ ನನ್ನ ಅನುಭವದಿಂದ ಕೆಲವು ಸೂಚನೆಗಳು. ಕೊಯ್ಯುವ ಮೊದಲು ಕೋಲಿನಿಂದ ಹುಲ್ಲನ್ನು ಮೆಲ್ಲಗೆ ತಟ್ಟುತ್ತ ಒಮ್ಮೆ ಪೂರ್ತಿ ನಡೆದುಬನ್ನಿ. ಜಿಗಿಯುವವು ಜಿಗಿದು ಹೋಗುತ್ತವೆ. ಇಬ್ಬನಿ ಆರಿದ ಮೇಲೆ, ಬಿಸಿಲಿರುವಾಗ ಮಾತ್ರ ನಡೆಸಿ, ಮುಸ್ಸಂಜೆಯಲ್ಲಿ ಬೇಡ. ಅಂಚಿನಿಂದ ಒಳಕ್ಕೆ ಕೊಯ್ಯುತ್ತ ಬಂದರೆ ಜೀವಿಗಳು ನಡುವೆ ಸಿಕ್ಕಿಬೀಳುತ್ತವೆ. ನಡುವಿನಿಂದ ಬೇಲಿಯ ಕಡೆಗೆ ಕೊಯ್ಯುತ್ತ ಹೋದರೆ ಅವುಗಳಿಗೆ ಓಡಲು ದಾರಿ ಉಳಿಯುತ್ತದೆ. ನೆಲದಿಂದ ಮೂರು ಅಂಗುಲ ಬಿಟ್ಟು ಕೊಯ್ಯಿರಿ. ಹುಲ್ಲೂ ಬದುಕುತ್ತದೆ, ನೆಲಕ್ಕಂಟಿದ ಜೀವಿಗಳೂ ಉಳಿಯುತ್ತವೆ, ದಾರವೂ ಕಲ್ಲಿಗೆ ತಾಗಿ ಸವೆಯುವುದಿಲ್ಲ. ಗಿಡಮರಗಳ ಬುಡಕ್ಕೆ ದಾರ ತಾಗದಿರಲಿ. ತೊಗಟೆ ಸುತ್ತಲೂ ಕತ್ತರಿಸಿಹೋದರೆ ಮರ ಬೆಳೆಯುವ ಪದರ ಹೋಗಿ, ಮರ ನಿಂತಲ್ಲಿಯೇ ಒಣಗುತ್ತದೆ. ಕಲ್ಲು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಅವಶ್ಯ. ಮಕ್ಕಳು ಹದಿನೈದು ಮೀಟರ್ ದೂರದಲ್ಲಿರಲಿ. ಮೇವಿಗೆ ಯೋಗ್ಯವಾದ ಹುಲ್ಲನ್ನು ಎಮ್ಮೆ ಸಾಕಿದವರನ್ನು ಕರೆದು ಕೊಟ್ಟು, ಕುಡುಗೋಲು ನಡೆಯದ ಕಲ್ಲಿನ ಅಂಚು, ಗೋಡೆಯ ಬದಿಗಳಿಗೆ ಮಾತ್ರ ಯಂತ್ರವನ್ನು ಬಳಸಿ. ಅಂಗಳದ ಒಂದು ಮೂಲೆಯನ್ನಾದರೂ ವರ್ಷವಿಡೀ ಮುಟ್ಟದೆ ಬಿಡಿ. ಒಂದು ವಾರದಲ್ಲಿ ಒಂದೇ ಬ್ಯಾಟರಿಯಷ್ಟು ಎಂದು ಪರಿಮಾಣ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಯಂತ್ರದಲ್ಲಿ ಮಿತಿ ಇದೆ. ಅದನ್ನು ವ್ರತವನ್ನಾಗಿ ಮಾಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ದಿಗಂಬರರು ಯತ್ನಾಚಾರವೆನ್ನುವುದನ್ನು ಗುಜರಾತಿ, ಮಾರವಾಡಿ ಬಂಧುಗಳು ಜಯಣಾ ಎನ್ನುತ್ತಾರೆ. ಶಬ್ದ ಎರಡು, ಅರ್ಥ ಒಂದು: ನೋಡಿ ಮಾಡು, ಬೇಕಾದಷ್ಟೇ ಮಾಡು, ಮಾಡಿದ್ದಕ್ಕೆ ಉತ್ತರ ಹೇಳು. ಆದ್ದರಿಂದ ಬ್ಯಾಟರಿಯ ಯಂತ್ರ ಕೊಳ್ಳಬಹುದೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟು: ದಾರಿಗಾಗಿ ಕೊಳ್ಳಬಹುದು, ಶೋಭೆಗಾಗಿ ಬೇಡ. ಕೊಂಡ ಮೇಲೂ ಕುಡುಗೋಲನ್ನು ಮಾರಬೇಡಿ. ಗುಂಡಿಯ ಮೇಲೆ ಬೆರಳಿಡುವ ಮೊದಲು ಹುಲ್ಲಿನೊಳಗೆ ಒಮ್ಮೆ ಬಗ್ಗಿ ನೋಡುವಷ್ಟು ಸಮಯ ಇಲ್ಲದ ದಿನ, ಹುಲ್ಲನ್ನು ಹಾಗೆಯೇ ಬಿಡುವುದು ಲೇಸು. ಅದು ನಾಳೆಯೂ ಅಲ್ಲಿಯೇ ಇರುತ್ತದೆ.

ಜಯ ಜಿನೇಂದ್ರ.